ಈ ಸೀಮೆಯ ಪರಲೋಕಗಳು

ಅಮೆರಿಕದ ಲೇಖಕ ಫಿಲಿಪ್ ಕೆ. ಡಿಕ್ 1969ರಲ್ಲಿ ಪ್ರಕಟಿಸಿದ 'ಯೂಬಿಕ್' ಎಂಬ ಕಾದಂಬರಿಯಲ್ಲಿ, ಮೃತರಾದವರನ್ನು ಒಡನೆಯೆ ಮಣ್ಣಿಗೊಪ್ಪಿಸದೆ ಶೀತಲವಾದ ಪೆಟ್ಟಿಗೆಗಳಲ್ಲಿರಿಸಿ, ಅವರಲ್ಲಿ ಉಳಿದಿರುವ ಅಷ್ಟಿಷ್ಟು ಚೈತನ್ಯದೊಡನೆ ಬಂಧುಗಳು ಆಗಾಗ ಬಂದು ಸಂಭಾಷಿಸಿ ಹೋಗುವ ಒಂದು ಏರ್ಪಾಡು ವರ್ಣಿತವಾಗಿದೆ; ಕಥೆ ಮುಂದುವರಿದಂತೆ, ಸ್ಫೋಟವೊಂದರಲ್ಲಿ ಸತ್ತವನು ಯಜಮಾನನೊ ಅವನ ನೌಕರರೊ, ಪೆಟ್ಟಿಗೆಯೊಳಗೆ ಇರುವವರು ಯಾರು, ಹೊರಗೆ ನಿಂತು ಮಾತನಾಡುತ್ತಿರುವವರು ಯಾರು ಎಂಬ ನಿಶ್ಚಯವು ಪಾತ್ರಗಳಿಗೂ ಓದುಗನಿಗೂ ಏಕಕಾಲದಲ್ಲಿ ತಪ್ಪಿಹೋಗುತ್ತದೆ. ವಿಜ್ಞಾನವನ್ನು ನೆಪವಾಗಿಟ್ಟುಕೊಂಡು ಸತ್ಯಮಿಥ್ಯಗಳ ಗಡಿಯನ್ನು ಅಲುಗಾಡಿಸುವ ಇಂಥ ಕಥೆಗಳನ್ನು ಇಪ್ಪತ್ತನೆಯ ಶತಮಾನದ ಸೃಷ್ಟಿಯೆಂದು ಭಾವಿಸುವವರುಂಟು. ಯೋಗವಾಸಿಷ್ಠದ ಲೀಲೋಪಾಖ್ಯಾನವನ್ನು ಪುರಾಣಶ್ರವಣದಲ್ಲಿ ಕೇಳಿದ ಕನ್ನಡಿಗನಾದರೊ ಹಾಗೆ ಭಾವಿಸಲಾರನು. ಅಲ್ಲಿ ಪದ್ಮನೆಂಬ ರಾಜನ ಶವವು ಅಂತಃಪುರದ ಕೋಣೆಯಲ್ಲಿ ಪುಷ್ಪರಾಶಿಯ ನಡುವೆ ಮಲಗಿದೆ. ಅವನ ಮಡದಿ ಲೀಲೆ ಸರಸ್ವತಿಯ ಅನುಗ್ರಹದಿಂದ ಆ ಕೋಣೆಯ ಅವಕಾಶದೊಳಗೇ ಬೇರೊಂದು ರಾಜ್ಯವನ್ನೂ, ಅಲ್ಲಿ ಬೇರೊಂದು ಹೆಸರಿನಿಂದ ಆಳುತ್ತಿರುವ ತನ್ನ ಗಂಡನನ್ನೂ ಕಾಣುತ್ತಾಳೆ. ಅಷ್ಟೇ ಅಲ್ಲ, ತಾನು ನಿಜವೆಂದು ನಂಬಿ ಬಾಳಿದ ರಾಣಿತನವು ಎಂಟು ದಿನಗಳ ಹಿಂದೆ ಸತ್ತ ಬಡ ಬ್ರಾಹ್ಮಣನೊಬ್ಬನ ಆಸೆಯಿಂದ ಹುಟ್ಟಿದ್ದೆಂಬುದನ್ನೂ ಅರಿಯುತ್ತಾಳೆ.

ಆದರೆ ಗ್ರಂಥದೊಳಗಣ ಲೋಕಗಳನ್ನು ಬಿಟ್ಟು ಭೂಮಿಯ ಮೇಲಣ ಒಂದು ಸೀಮೆಯ ಕಡೆಗೆ ಓದುಗರ ಗಮನವನ್ನು ಸೆಳೆಯುವುದು ಪ್ರಸ್ತುತ ಲೇಖನದ ಉದ್ದೇಶ. ನಂಜನಗೂಡನ್ನು ಬಿಟ್ಟು ತೆಂಕಣಕ್ಕೆ ಸಾಗುವ ರೈಲು ಕವಲಂದೆಯನ್ನು ದಾಟಿ, ಬದನಗುಪ್ಪೆಯಲ್ಲಿ ನಿಂತು, ಚಾಮರಾಜನಗರವನ್ನು ಮುಟ್ಟುತ್ತದೆ. ಬದನಗುಪ್ಪೆಯ ಹೆಸರು ಈಗೀಗ ವೃತ್ತಪತ್ರಿಕೆಗಳಲ್ಲಿ ಕಾಣಿಸುವುದು ಕೆಲ್ಲಂಬಳ್ಳಿಯೊಡನೆ ಜೋಡಿಸಿ ಹೇಳುವ ಕೈಗಾರಿಕಾ ಪ್ರದೇಶದ ದೆಸೆಯಿಂದ. ಈ ನಿಲ್ದಾಣವನ್ನು ನಡುವಾಗಿಟ್ಟುಕೊಂಡು ಒಂದು ಕಡೆ ಮಲೆಯೂರಿನ ಕನಕಗಿರಿ, ಇನ್ನೊಂದು ಕಡೆ ಚಾಮರಾಜನಗರ, ಮತ್ತೊಂದು ಕಡೆ ಗುಂಡ್ಲುಪೇಟೆ, ಮೂಡಣಕ್ಕೆ ಕೊಳ್ಳೇಗಾಲದ ಕಾಡಂಚಿನ ಚಿಕ್ಕಲ್ಲೂರು ಎಂದು ಗೆರೆಯೆಳೆದರೆ ದೊರೆಯುವ ನೆಲದಲ್ಲಿ, ಸತ್ತವನು ಎಲ್ಲಿಗೆ ಹೋದನೆಂಬ ಪ್ರಶ್ನೆಗೆ ಸಾವಿರದೈನೂರು ವರ್ಷಗಳಿಂದ ನಾನಾ ಉತ್ತರಗಳು ಹುಟ್ಟಿವೆ. ಆ ಉತ್ತರಗಳ ವೈಶಿಷ್ಟ್ಯವೇನೆಂದರೆ, ಅವು ಬಹುತೇಕ ಸತ್ತವನನ್ನು ದೂರದ ಲೋಕಕ್ಕೆ ಕಳಿಸಿ ಕೈತೊಳೆದುಕೊಳ್ಳುವುದಿಲ್ಲ. ಅವನಿಗೆ ಈ ನೆಲದಲ್ಲಿಯೇ ಒಂದು ಠಾವನ್ನು ಗೊತ್ತುಮಾಡಿ, ಅಲ್ಲೊಂದು ಕಲ್ಲು ನೆಟ್ಟು, ದೀಪ ಹಚ್ಚುವವನನ್ನು ನೇಮಿಸಿ, ಸಾಧ್ಯವಾದರೆ ಅದರ ಖರ್ಚಿಗೆಂದು ಇಷ್ಟು ಭೂಮಿಯನ್ನೂ ಬಿಡುತ್ತವೆ.

ಇವುಗಳಲ್ಲಿ ಅತ್ಯಂತ ಸಾಮಾನ್ಯವಾದುದು ವೀರಗಲ್ಲು. ಊರ ಬಾಗಿಲಲ್ಲಿಯೊ ಕೆರೆಯ ಏರಿಯ ಮೇಲೆಯೊ ಅರ್ಧ ಹೂತು ನಿಂತಿರುವ ಈ ಕಲ್ಲುಗಳನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಣ ಪಟ್ಟಿಕೆಯಲ್ಲಿ ಕಾಳಗ: ತುರುಗಳನ್ನು ಅಟ್ಟಿಕೊಂಡು ಹೋಗುವವರು, ಅಡ್ಡಗಟ್ಟಿ ನಿಂತ ವೀರ. ನಡುವಣ ಪಟ್ಟಿಕೆಯಲ್ಲಿ ಅದೇ ವೀರನು ಚಾಮರವಿಕ್ಕುವ ದೇವಕನ್ಯೆಯರ ನಡುವೆ ಆಕಾಶಮಾರ್ಗದಲ್ಲಿದ್ದಾನೆ. ಮೇಲಣ ಪಟ್ಟಿಕೆಯಲ್ಲಿ ಲಿಂಗದ ಸನ್ನಿಧಿಯಲ್ಲಿ ಕುಳಿತಿದ್ದಾನೆ. ಮೂರು ಕಾಲಗಳನ್ನೂ ಮೂರು ಲೋಕಗಳನ್ನೂ ಮೊಳವೆರಡು ಮೊಳದ ಕಲ್ಲಿನಲ್ಲಿ ಅಡಗಿಸಿದ ಶಿಲ್ಪಿಗೆ ನಡುವಣ ಪಟ್ಟಿಕೆಯ ವಿಷಯದಲ್ಲಿ ಯಾವ ಸಂಶಯವೂ ಇದ್ದಂತೆ ತೋರುವುದಿಲ್ಲ. ಶಾಸನದ ಅಕ್ಷರಗಳು ಮಾತ್ರ ಆಕಾಶದ ಮಾತನ್ನು ಚುಟುಕಾಗಿ ಮುಗಿಸಿ, ನೆತ್ತರುಗೊಡಗೆಯೆಂದು ಸತ್ತವನ ಮನೆಯವರಿಗೆ ಬಿಟ್ಟ ಗದ್ದೆಬೆದ್ದಲುಗಳ ಲೆಕ್ಕಕ್ಕೆ ಬರುತ್ತವೆ. ಬಿ. ಎಲ್. ರೈಸರು 1898ರಲ್ಲಿ ಹೊರತಂದ ಎಪಿಗ್ರಾಫಿಯ ಕರ್ನಾಟಿಕದ ನಾಲ್ಕನೆಯ ಸಂಪುಟದಲ್ಲಿ ಚಾಮರಾಜನಗರ ಗುಂಡ್ಲುಪೇಟೆಗಳ ಶಾಸನಗಳು ಸೇರಿವೆ. ಅದೇ ಸಂಪುಟದಲ್ಲಿರುವ, ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನ ಶಾಸನವು ದೇಕಬ್ಬೆಯ ಕಥೆಯನ್ನು ಹೇಳುತ್ತದೆ: ಅವಳ ಗಂಡ ಏಚನು ತಲಕಾಡಿನಲ್ಲಿ ಮಲ್ಲಯುದ್ಧದಲ್ಲಿ ದಾಯಾದಿಯನ್ನು ಕೊಂದು ರಾಜದಂಡನೆಗೆ ಗುರಿಯಾಗಿ ಸತ್ತ ಸುದ್ದಿ ಬಂದಾಗ, ತಂದೆತಾಯಿಗಳು ಎಷ್ಟು ಬೇಡವೆಂದರೂ ಕೇಳದೆ ಅವಳು ಅಗ್ನಿಪ್ರವೇಶ ಮಾಡಿದಳು. ಹನ್ನೊಂದನೆಯ ಶತಮಾನದ ಆ ಬರಹದಲ್ಲಿ ಮಗಳನ್ನು ತಡೆದ ಹೆತ್ತವರ ಅಳಲಿಗೂ ಎಡೆ ದೊರೆತಿರುವುದು ನನಗೆ ದೇವಲೋಕದ ವರ್ಣನೆಗಿಂತ ಹೆಚ್ಚು ಬೆಲೆಯುಳ್ಳದ್ದಾಗಿ ಕಾಣುತ್ತದೆ.

ಕಲ್ಲು ನೆಡಿಸಿಕೊಳ್ಳುವ ಭಾಗ್ಯಕ್ಕೆ ಮನುಷ್ಯನೇ ಆಗಿರಬೇಕೆಂಬ ನಿಯಮವೂ ಇರಲಿಲ್ಲ. ಮಂಡ್ಯ ಸೀಮೆಯ ಆತಕೂರಿನಲ್ಲಿ ದೊರೆತ, ಹತ್ತನೆಯ ಶತಮಾನದ ನಡುವಣ ಶಾಸನದ ಪ್ರಕಾರ, ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನು ಗಂಗ ಬೂತುಗನಿಂದ ಬಹುಮಾನವಾಗಿ ಬೇಡಿದ್ದು ಕಾಳಿಯೆಂಬ ನಾಯಿಯನ್ನು. ಅದು ಹಂದಿಯೊಡನೆ ಹೋರಾಡಿ, ಎರಡೂ ಒಟ್ಟಿಗೆ ಸತ್ತಾಗ ಅವನು ಅದಕ್ಕೆ ಕಲ್ಲು ನೆಡಿಸಿ, ಪೂಜೆಗೆ ಭೂಮಿಯನ್ನೂ ಬಿಟ್ಟನು.

ವೀರನು ಏರಿ ಹೋದ ಲೋಕವನ್ನು ಒಪ್ಪದವರು ಮಲೆಯೂರಿನ ಬೆಟ್ಟದ ಮೇಲೆ ಇದ್ದರು. ಕನಕಗಿರಿಯು ಜೈನರಿಗೆ ಪೂಜ್ಯಪಾದಾಚಾರ್ಯರ ತಪೋಭೂಮಿ; ಸರ್ವಾರ್ಥಸಿದ್ಧಿಯನ್ನೂ ಜೈನೇಂದ್ರ ವ್ಯಾಕರಣವನ್ನೂ ರಚಿಸಿದ ಆ ಮಹಾವಿದ್ವಾಂಸರು ಇಲ್ಲಿಯೇ ದೇಹವನ್ನು ಬಿಟ್ಟರೆಂಬುದು ಕ್ಷೇತ್ರದ ಪರಂಪರೆ. ಅವರ ಸಮಾಧಿತಂತ್ರವೆಂಬ ಚಿಕ್ಕ ಗ್ರಂಥವು, ಕಾಣುತ್ತಿರುವುದೆಲ್ಲವೂ ನಿಜವೆ ಎಂದು ಕೇಳುವ ಇಂದಿನ ಕಥೆಗಾರರು ಅವಶ್ಯವಾಗಿ ಓದಬೇಕಾದುದು. ಕನಸಿನಲ್ಲಿ ತಾನು ನಾಶವಾದಂತೆ ಕಂಡವನು ಎಚ್ಚತ್ತಾಗ ನಾಶವಾಗಿರುವುದಿಲ್ಲವಷ್ಟೆ. ಎಚ್ಚರದಲ್ಲಿ ಕಾಣುವ ದೇಹನಾಶವೂ ಅಂಥದೇ, ಎರಡರಲ್ಲಿಯೂ ತಿಳಿವಳಿಕೆಯ ವಿಪರ್ಯಾಸವು ಸಮಾನವೆಂದು ಆಚಾರ್ಯರು ಅಲ್ಲಿ ವಾದಿಸುತ್ತಾರೆ. ಅನ್ನಪಾನಗಳನ್ನು ಕ್ರಮವಾಗಿ ತ್ಯಜಿಸಿ, ಎಚ್ಚರದಿಂದಲೇ ಮರಣವನ್ನು ಎದುರುಗೊಳ್ಳುವ ಸಲ್ಲೇಖನ ವ್ರತಕ್ಕೆ ಈ ತರ್ಕವೇ ಬೆನ್ನೆಲುಬು. ವ್ರತ ಮುಗಿಸಿದವರ ನೆನಪಿಗೆ ನಿಷಿಧಿಗಲ್ಲುಗಳನ್ನು ನೆಡುವುದು ಸಂಪ್ರದಾಯ. ದೇಹವು ತಾನಲ್ಲವೆಂದು ಸಾಧಿಸಿ ಹೋದವನಿಗೂ ನೆಲದ ಮೇಲೆ ಗುರುತು ಬೇಕಾಯಿತು; ಹೋದವನಿಗೆ ಬೇಡವಾದರೂ ಉಳಿದವರಿಗೆ ಬೇಕಾಯಿತು.

ತರ್ಕದ ಜೊತೆಗೆ ಅದ್ಭುತವನ್ನೂ ಜನ ಬಿಡಲಿಲ್ಲ. ಪೂಜ್ಯಪಾದರು ಪಾದಗಳಿಗೆ ಔಷಧಲೇಪವನ್ನು ಹಚ್ಚಿಕೊಂಡು ಗಗನಮಾರ್ಗವಾಗಿ ವಿದೇಹಕ್ಷೇತ್ರಕ್ಕೆ ಹೋಗಿ ಅಲ್ಲಿಯ ಜಿನನನ್ನು ಕಂಡು ಬಂದರೆಂಬ ಕಥೆಯುಂಟು. ಶ್ರವಣಬೆಳಗೊಳದ ಹದಿನೈದನೆಯ ಶತಮಾನದ ಒಂದು ಶಾಸನವು ಅವರ ಔಷಧಸಿದ್ಧಿಯನ್ನೂ ವಿದೇಹಜಿನದರ್ಶನವನ್ನೂ ಕೊಂಡಾಡಿ, ಅವರ ಪಾದ ತೊಳೆದ ನೀರು ಕಬ್ಬಿಣವನ್ನು ಹೊನ್ನಾಗಿಸಿತೆಂದು ಹೇಳುತ್ತದೆ. ಮನುಷ್ಯರು ಹೋಗಲಾಗದ ಭೂಖಂಡ, ಅಲ್ಲಿಗೆ ಸಾಗಿಸುವ ರಸಾಯನ, ಹಿಂದಿರುಗಿದವನ ಶರೀರದಲ್ಲಿ ಉಳಿದ ಶಕ್ತಿ: ವೈಜ್ಞಾನಿಕ ಕಥೆಗೆ ಬೇಕಾದ ಸಲಕರಣೆಗಳಲ್ಲಿ ಇಲ್ಲಿ ಯಾವುದು ಕಡಮೆ? ಈ ಬಗೆಯ ಕಥೆಗಳನ್ನೂ ರಾಜವಂಶಗಳ ವೃತ್ತಾಂತಗಳನ್ನೂ ಒಟ್ಟುಗೂಡಿಸಿ 'ರಾಜಾವಳೀಕಥೆ'ಯನ್ನು ಬರೆದ ದೇವಚಂದ್ರನು ಇದೇ ಕನಕಗಿರಿಯವನು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕರ್ನಲ್ ಮೆಕೆಂಜಿ ಮೈಸೂರು ಸೀಮೆಯ ಮೋಜಣಿಯ ಜೊತೆಗೆ ಹಳೆಯ ಕೈಫಿಯತ್ತುಗಳನ್ನೂ ಸಂಗ್ರಹಿಸುತ್ತಿದ್ದಾಗ ಅವನಿಗೆ ನೆರವಾದವರಲ್ಲಿ ದೇವಚಂದ್ರನೂ ಒಬ್ಬ. ಅರಮನೆಯ ದೇವೀರಮ್ಮಣ್ಣಿಯವರ ಅಪೇಕ್ಷೆಯಂತೆ ಗ್ರಂಥ ಸಿದ್ಧವಾಯಿತು. ಚರಿತ್ರಕಾರರು ಅದನ್ನು ಸಂಶಯದಿಂದಲೇ ಮುಟ್ಟುತ್ತಾರೆ, ಆದರೂ ಬಿಡಲಾರರು. ಚಂದ್ರಗುಪ್ತ ಭದ್ರಬಾಹುಗಳ ವಿಚಾರದಲ್ಲಿ ರೈಸರೂ ಅದರ ಕಡೆ ಕೈಚಾಚಿದವರೇ. ಒಂದು ಕಡೆ ಮೋಜಣಿದಾರನ ಸರಪಳಿಯು ಈ ಸೀಮೆಯ ಹೊಲಗಳನ್ನು ಅಳೆಯುತ್ತಿರಲು, ಇನ್ನೊಂದು ಕಡೆ ಅದೇ ಮೋಜಣಿಗೆ ನೆರವಾದ ವಿದ್ವಾಂಸನು ವಿದೇಹಕ್ಷೇತ್ರವನ್ನು ಒಳಗೊಂಡ ಭೂಗೋಳವನ್ನು ನಂಬಿಕೊಂಡು ಬರೆಯುತ್ತಿದ್ದನೆಂಬುದನ್ನು ನೆನೆದರೆ ಸೋಜಿಗವಾಗುತ್ತದೆ.

ಅರಸರು ತಮ್ಮ ಪಿತೃಗಳಿಗೆ ಗೊತ್ತುಮಾಡಿದ ಠಾವುಗಳ ಮಾತನ್ನು ಬೇಗ ಮುಗಿಸಬಹುದು. 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರು ತಮ್ಮ ತಂದೆಯ ಸ್ಮರಣೆಗಾಗಿ ಗುಂಡ್ಲುಪೇಟೆಯಲ್ಲಿ ಪರವಾಸುದೇವನ ದೇವಾಲಯವನ್ನು ಕಟ್ಟಿಸಿದರು. ಶ್ರೀವೈಷ್ಣವ ಸಿದ್ಧಾಂತದಲ್ಲಿ ಪರವಾಸುದೇವನೆಂದರೆ ವೈಕುಂಠದಲ್ಲಿ ನಿತ್ಯರಿಗೂ ಮುಕ್ತರಿಗೂ ಮಾತ್ರ ಗೋಚರನಾಗುವ ರೂಪ. ಅದನ್ನೇ ಇಲ್ಲಿ ಪ್ರತಿಷ್ಠಿಸಿದ್ದರಿಂದ, ತಂದೆ ಸೇರಿದ ಪರಮಪದವನ್ನೇ ಮಗನು ಗುಂಡ್ಲುಪೇಟೆಗೆ ತರಿಸಿದಂತಾಯಿತು. ಮುಮ್ಮಡಿ ಕೃಷ್ಣರಾಜ ಒಡೆಯರು ಇನ್ನೂ ನೇರವಾದ ಮಾರ್ಗ ಹಿಡಿದರು. ತಮ್ಮ ತಂದೆ ಚಾಮರಾಜ ಒಡೆಯರು ಹುಟ್ಟಿದ ಅರಿಕುಠಾರಕ್ಕೆ 1818ರಲ್ಲಿ ಚಾಮರಾಜನಗರವೆಂದು ಹೆಸರಿಟ್ಟು, 1826ರಲ್ಲಿ ಅಲ್ಲಿ ಚಾಮರಾಜೇಶ್ವರನೆಂಬ ಲಿಂಗವನ್ನು ಸ್ಥಾಪಿಸಿದರು. ಹುಟ್ಟಿದ ಜಾಗದಲ್ಲಿ ಜನನಮಂಟಪ, ಊರಿಗೆ ಹೆಸರು, ಗರ್ಭಗುಡಿಯಲ್ಲಿ ಲಿಂಗ. ಸತ್ತ ಒಡೆಯರೊಬ್ಬರು ಒಂದು ಪಟ್ಟಣದ ತುಂಬ ವ್ಯಾಪಿಸಿಕೊಂಡರು. 1997ರಲ್ಲಿ ಜಿಲ್ಲೆಯಾದಾಗ ಜಿಲ್ಲೆಗೂ ಅದೇ ಹೆಸರು ನಿಂತಿತು.

ಇಷ್ಟನ್ನು ಹೇಳಿದ ಮೇಲೆ ಒಂದು ಮಾತನ್ನು ಕೇಳದಿರಲಾಗದು. ಕಲ್ಲು ಕೆತ್ತಿಸಲು ಕೂಲಿ ಬೇಕು, ದೀಪಕ್ಕೆ ಎಣ್ಣೆ ಬೇಕು, ಎಣ್ಣೆಗೆ ಭೂಮಿ ಬೇಕು. ಭೂಮಿಯೇ ಇಲ್ಲದವನು, ಪರರ ಗದ್ದೆಯಲ್ಲಿ ದುಡಿದು ಹೊಲಗೇರಿಯ ಆಚೆಯ ಮಣ್ಣಿಗೆ ಸೇರಿದವನು, ಯಾವ ಲೋಕಕ್ಕೆ ಹೋದನು? ಅವನ ಹೆಸರಿನ ಶಾಸನವನ್ನು ರೈಸರ ಸಂಪುಟದಲ್ಲಿ ಹುಡುಕಿ ಫಲವಿಲ್ಲ. ಈ ಪ್ರಶ್ನೆಗೆ ಉತ್ತರ ಕೊಟ್ಟವರು, ನನ್ನ ಅಭಿಪ್ರಾಯದಲ್ಲಿ, ನೀಲಗಾರರು.

ಹಣೆಗೆ ಕಪ್ಪುಧೂಳ್ತವೆಂಬ ಬೂದಿ, ಕೈಯಲ್ಲಿ ತಂಬೂರಿ, ಇನ್ನೊಂದು ಕೈಯಲ್ಲಿ ಗಗ್ಗರ, ಹಿಂದೆ ಡಕ್ಕೆ ತಾಳದವರು. ಹೀಗೆ ಬಂದು ಜಗುಲಿಯ ಮೇಲೆ ಕುಳಿತು, ಧೂಪ ಹಾಕಿಸಿ, ರಾತ್ರಿಯಿಡೀ ಮಂಟೇಸ್ವಾಮಿಯ ಕಥೆಯನ್ನು ಸಾಲುಗಳೆಂಬ ಖಂಡಗಳಾಗಿ ಹಾಡುವ ನೀಲಗಾರರನ್ನು ಈ ಭಾಗದವರಿಗೆ ಪರಿಚಯಿಸಬೇಕಾಗಿಲ್ಲ. ಹರಕೆ ಹೊತ್ತ ಮನೆಯವರು ಮಗನೊಬ್ಬನನ್ನು ಮಂಟೇಸ್ವಾಮಿಯ ಶಿಷ್ಯ ಸಿದ್ದಪ್ಪಾಜಿಯ ಒಕ್ಕಲಾಗಿ ಬಿಟ್ಟು, ಗುರುಮನೆಯಲ್ಲಿ ದೀಕ್ಷೆ ಕೊಡಿಸುವುದು ರೂಢಿ. ಹೀಗೆ ದೀಕ್ಷೆ ಹೊಂದಿದವರಲ್ಲಿ ಹೊಲೆಯರೇ ಹೆಚ್ಚಾದರೂ ಬೇರೆ ಕುಲದವರೂ ಉಂಟು. ಅವರು ಹಾಡುವ ಕಥೆಯ ನಾಯಕನು ಧರೆಗೆ ದೊಡ್ಡವರೆಂದು ಭಕ್ತರು ಕರೆಯುವ ಮಂಟೇಸ್ವಾಮಿ, ಅಲ್ಲಮಪ್ರಭುವೇ ಈ ರೂಪದಿಂದ ಬಂದನೆಂದು ಅವರ ನಂಬಿಕೆ. ಭೂಮಿ ಆಕಾಶಗಳು ಹುಟ್ಟುವ ಮೊದಲಿನ ಕತ್ತಲೆಯಿಂದ ಆರಂಭವಾಗುವ ಕಥೆಯು ಕಲ್ಯಾಣಕ್ಕೆ ಬರುವ ಹೊತ್ತಿಗೆ, ಜಗತ್ತನ್ನೇ ಹುಟ್ಟಿಸಿದವನು ಕುಷ್ಠರೋಗಿಯಾಗಿ, ನಾತ ಹೊಡೆಯುವ ಮೈಯಿಂದ, ಬಸವಣ್ಣನ ಬಾಗಿಲಲ್ಲಿ ನಿಲ್ಲುತ್ತಾನೆ. ಒಂದು ಲಕ್ಷ ತೊಂಬತ್ತಾರು ಸಾವಿರ ಶರಣರಿದ್ದ ಆ ಪಟ್ಟಣದಲ್ಲಿ ಅವನನ್ನು ಗುರುತಿಸಿದವರು ಬಸವಣ್ಣ ನೀಲಮ್ಮ ದಂಪತಿಗಳು ಮಾತ್ರ. ಉಳಿದವರು ಮೂಗು ಮುಚ್ಚಿಕೊಂಡರು. ಕಾಣುವುದು ನಿಜವೆ ಎಂಬ ಪ್ರಶ್ನೆಯನ್ನು ಪೂಜ್ಯಪಾದರು ಕನಸಿನ ಮೂಲಕ ಕೇಳಿದ್ದರು, ಯೋಗವಾಸಿಷ್ಠವು ಲೋಕದೊಳಗಣ ಲೋಕದ ಮೂಲಕ ಕೇಳಿತ್ತು. ನೀಲಗಾರನು ಅದನ್ನು ಮೈಲಿಗೆಯ ಮೂಲಕ ಕೇಳುತ್ತಾನೆ. ಮಾಯೆಯೆಂದರೆ ಇಲ್ಲಿ ಜಗತ್ತಿನ ತೋರಿಕೆಯಲ್ಲ, ಮುಟ್ಟಲಾಗದವನೆಂದು ಒಬ್ಬನನ್ನು ಕಾಣುವ ಕಣ್ಣಿನ ದೋಷ. ಎಚ್. ಎಸ್. ಶಿವಪ್ರಕಾಶರು 'ಮಂಟೇಸ್ವಾಮಿ ಕಥಾಪ್ರಸಂಗ'ವೆಂಬ ನಾಟಕಕ್ಕೆ ಈ ಕಥೆಯನ್ನು ಆರಿಸಿಕೊಂಡದ್ದು ಸಹಜವಾಗಿಯೇ ಇದೆ.

ಸಾವಿನ ಪ್ರಶ್ನೆ ಬರುವುದು ಸಿದ್ದಪ್ಪಾಜಿಯ ಸಾಲಿನಲ್ಲಿ. ನಿಡುಘಟ್ಟದ ಪಾಂಚಾಳರ ಮನೆಯ ಕಿರಿಯ ಮಗ ಕೆಂಪಾಚಾರಿಯನ್ನು ಮಂಟೇಸ್ವಾಮಿ ಶಿಶುಮಗನಾಗಿ ಬೇಡುತ್ತಾನೆ, ಹೆತ್ತವರು ಒಪ್ಪುವುದಿಲ್ಲ, ಕಷ್ಟಪರಂಪರೆಗಳ ತರುವಾಯ ಹುಡುಗನು ಗುರುವಿನ ಹಿಂದೆ ಹೊರಡುತ್ತಾನೆ, ಗವಿಯ ಕತ್ತಲೆಯಲ್ಲಿ ಸೆರೆಯಾಗಿದ್ದು ಹೊರಬಂದವನು ಸಿದ್ದಪ್ಪಾಜಿಯಾಗುತ್ತಾನೆ. ಸತ್ತು ಹುಟ್ಟಿದವನೆಂದು ಕಥೆಯು ಅವನನ್ನು ನೇರವಾಗಿ ಕರೆಯದಿದ್ದರೂ ತಾಯಿ ಮುದ್ದಮ್ಮನ ಗೋಳಿನಲ್ಲಿ ಆ ಅರ್ಥ ಕೇಳುಗರಿಗೆ ಮುಟ್ಟದೆ ಇರುವುದಿಲ್ಲ. ಅನಂತರ ಗುರು ಅವನನ್ನು ಹಲಗೂರಿನ ಪಾಂಚಾಳರ ಬಳಿಗೆ, ಅಂದರೆ ಅವನ ಕುಲದವರ ಬಳಿಗೇ, ಕಬ್ಬಿಣದ ಭಿಕ್ಷೆಗೆ ಕಳಿಸುತ್ತಾನೆ. ಅವರು ಭಿಕ್ಷೆ ಕೊಡುವ ಬದಲು ಪವಾಡ ಕೇಳುತ್ತಾರೆ, ವಿಷವಿಡುತ್ತಾರೆ. ಅವನು ವಿಷವನ್ನು ಉಂಡು ಅರಗಿಸಿಕೊಂಡು ಗೆಲ್ಲುತ್ತಾನೆ. ಕನಕಗಿರಿಯ ಮುನಿ ಕಬ್ಬಿಣವನ್ನು ಹೊನ್ನು ಮಾಡಿದನೆಂದು ಶಾಸನ ಹೊಗಳಿದರೆ, ಇಲ್ಲಿಯ ಗುರುವಿಗೆ ಕಬ್ಬಿಣ ಕಬ್ಬಿಣವಾಗಿಯೇ ಬೇಕು. ಉಳುವ ಗುಳಕ್ಕೂ ಕೊಯ್ಯುವ ಕುಡುಗೋಲಿಗೂ ಹೊನ್ನಿನಿಂದ ಏನು ಪ್ರಯೋಜನ?

ಕಥೆಯ ಕೊನೆಯಲ್ಲಿ ಯಾರೂ ಸಾಯುವುದಿಲ್ಲ. ಮಂಟೇಸ್ವಾಮಿ ಬೊಪ್ಪೇಗೌಡನಪುರದಲ್ಲಿ, ಅವನ ಇನ್ನೊಬ್ಬ ಶಿಷ್ಯ ರಾಚಪ್ಪಾಜಿ ಕಾವೇರಿಯ ದಡದ ಕಪ್ಪಡಿಯಲ್ಲಿ, ಸಿದ್ದಪ್ಪಾಜಿ ಚಿಕ್ಕಲ್ಲೂರಿನಲ್ಲಿ ಐಕ್ಯರಾಗುತ್ತಾರೆ. ಅವರ ಗದ್ದಿಗೆಗಳಲ್ಲಿ ಅವರು ಈಗಲೂ ಇದ್ದಾರೆ. 'ಇದ್ದಾರೆ' ಎಂಬುದು ಒಕ್ಕಲಿನವರಿಗೆ ಅಲಂಕಾರದ ಮಾತಲ್ಲ. ವೀರಗಲ್ಲಿನ ವೀರನು ಮೇಲಣ ಪಟ್ಟಿಕೆಗೆ ಏರಿಹೋದವನು, ಅವನನ್ನು ಕರೆದರೆ ಓಗೊಡಲಾರನು. ಗದ್ದಿಗೆಯವನು ನೆಲದೊಳಗೇ ಕುಳಿತು ಹರಕೆ ಕೇಳುತ್ತಾನೆ, ತಪ್ಪಿದರೆ ಮುನಿಯುತ್ತಾನೆ, ಕನಸಿನಲ್ಲಿ ಬಂದು ಹೇಳುತ್ತಾನೆ. ಅವನ ಒಕ್ಕಲಾಗುವುದಕ್ಕೆ ಭೂಮಿಯ ಪಹಣಿ ಬೇಕಾಗಿಲ್ಲ. ಪುಷ್ಯಮಾಸದ ಬನದ ಹುಣ್ಣಿಮೆಯ ಇರುಳು ಚಿಕ್ಕಲ್ಲೂರಿನಲ್ಲಿ, ಬಿದಿರ ಗಳುಗಳಿಗೆ ಬಟ್ಟೆ ಸುತ್ತಿ ಕಟ್ಟಿದ ಚಂದ್ರಮಂಡಲಕ್ಕೆ ಕಿಚ್ಚಿಡುತ್ತಾರೆ. ಉರಿ ಯಾವ ದಿಕ್ಕಿಗೆ ವಾಲಿತೊ ಆ ದಿಕ್ಕಿಗೆ ಆ ವರ್ಷ ಮಳೆಬೆಳೆ ಚೆನ್ನಾಗಿ ಆಗುವುದೆಂದು ನೆರೆದವರು ಲೆಕ್ಕ ಹಾಕುತ್ತಾರೆ. ಮರುದಿನಗಳ ಸೇವೆಗಳಲ್ಲಿ ಪಂಕ್ತಿಸೇವೆಯೂ ಒಂದು: ಒಕ್ಕಲಿನವರು ಬಿಡಾರದಲ್ಲಿ ಅಡುಗೆ ಮಾಡಿ, ಎಡೆಯಿಟ್ಟು, ಸಾಲಾಗಿ ಕುಳಿತು ಉಣ್ಣುತ್ತಾರೆ. ಕಲ್ಯಾಣದಲ್ಲಿ ಮೂಗು ಮುಚ್ಚಿಕೊಂಡವರ ಕಥೆಯನ್ನು ಕೇಳಿದವರಿಗೆ ಈ ಪಂಕ್ತಿಯ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ.

ಸ್ವಂತ ಮನೆಯಲ್ಲಿ ಸತ್ತವರ ಪಾಡೇನು ಎಂದರೆ, ಮೂರನೆಯ ದಿನ ಹಾಲುತುಪ್ಪ, ಹನ್ನೊಂದನೆಯ ದಿನ ತಿಥಿ, ವರ್ಷಕ್ಕೊಮ್ಮೆ ಮಹಾಲಯದ ಎಡೆ ಎಂಬ ಕ್ರಮ ಇದೆಯಷ್ಟೆ. ಎಡೆಯ ದಿನ ಹಿರಿಯರಿಗೆ ಹೊಸ ಬಟ್ಟೆ ಇಟ್ಟು, ಅವರು ಇಷ್ಟಪಡುತ್ತಿದ್ದುದನ್ನೆಲ್ಲ ಬಡಿಸಿ, ಬಾಗಿಲು ಮುಂದೆಮಾಡಿ ಸ್ವಲ್ಪ ಹೊತ್ತು ಹೊರಗೆ ನಿಲ್ಲುವ ಮನೆಗಳುಂಟು. ಸಾವಿನ ಮನೆಯ ರಾತ್ರಿಗಳಲ್ಲಿ ತಂಬೂರಿಯವರು ಬಂದು ತತ್ತ್ವಪದ ಹಾಡುತ್ತಾರೆ. ನೀಲಗಾರರ ಒಕ್ಕಲಾದರೆ ಸಿದ್ದಪ್ಪಾಜಿಯ ಸಾಲೊಂದನ್ನು ಎತ್ತಿಕೊಳ್ಳುತ್ತಾರೆ. ಯಾವ ಮನೆಗೆ ಯಾವ ಸಾಲು ಎಂಬ ಆಯ್ಕೆಯಲ್ಲಿ ಹಾಡುಗಾರನ ವಿವೇಕ ಕೆಲಸಮಾಡುತ್ತದೆ. ಹರೆಯದ ಮಗನು ಸತ್ತ ಮನೆಯಲ್ಲಿ ಮುದ್ದಮ್ಮನ ಗೋಳನ್ನು ಎಷ್ಟು ಹಾಡಬೇಕು, ಎಲ್ಲಿ ನಿಲ್ಲಿಸಬೇಕೆಂಬುದನ್ನು ಯಾವ ಗ್ರಂಥವೂ ಕಲಿಸಲಾರದು.

ಗ್ರಂಥವಾದರೂ ಆಗದೆ ಉಳಿಯಲಿಲ್ಲ. ಜೀ. ಶಂ. ಪರಮಶಿವಯ್ಯನವರಂಥ ಜಾನಪದ ವಿದ್ವಾಂಸರು ಹಾಡುಗಾರರನ್ನು ಕುಳ್ಳಿರಿಸಿ ಕೇಳಿದ ಕಾಲದಿಂದ ಮೊದಲಾಗಿ, ಹಿ. ಚಿ. ಬೋರಲಿಂಗಯ್ಯನವರ ಸಂಪಾದಕತ್ವದಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಮಂಟೇಸ್ವಾಮಿ ಕಾವ್ಯವನ್ನು ಹೊರತಂದುದರವರೆಗೆ, ಇರುಳಿನ ಹಾಡು ಹಗಲಿನ ಓದಾಗಿ ಬದಲಾಯಿತು. ನಂಜನಗೂಡು ಸೀಮೆಯ ದೇವನೂರ ಮಹಾದೇವರು 'ಕುಸುಮಬಾಲೆ'ಯಲ್ಲಿ ಈ ಹಾಡುಗಾರಿಕೆಯ ನಡೆಯನ್ನೂ ಈ ನೆಲದ ನುಡಿಯನ್ನೂ ಗದ್ಯಕ್ಕೆ ತಂದರು. ಮನೆಮನೆಯ ದೀಪದ ಜೋತಮ್ಮಂದಿರು ಒಂದೆಡೆ ಸೇರಿ ಮಾತನಾಡುವ, ಮಂಚವೂ ಬಾಯಿಬಿಡುವ ಆ ಕೃತಿಯನ್ನು ವಿಮರ್ಶಕರು ಪರದೇಶದ ಮಾಂತ್ರಿಕ ವಾಸ್ತವತೆಗೆ ಹೋಲಿಸಿದ್ದಾರೆ. ಸತ್ತವರೂ ಸಾಮಾನುಗಳೂ ಮಾತನಾಡುವುದು ಈ ಸೀಮೆಯ ಕೇಳುಗರಿಗೆ ಅಷ್ಟು ದೂರದಿಂದ ಬರಬೇಕಾದ ಸರಕಲ್ಲವೆಂದು ನನ್ನ ಮತ. ರಾಜಶೇಖರ ಭೂಸನೂರಮಠರಂಥವರು ಕನ್ನಡದಲ್ಲಿ ವೈಜ್ಞಾನಿಕ ಕಥೆಯನ್ನು ಬೆಳೆಸಿದಾಗ ಆಕಾಶಯಾನವೂ ಅನ್ಯಗ್ರಹವೂ ಬಂದವು. ಚಿಕ್ಕಲ್ಲೂರಿನ ಚಂದ್ರಮಂಡಲವು ಇನ್ನೂ ಆ ಬಗೆಯ ಕಥೆಗಾರನೊಬ್ಬನಿಗಾಗಿ ಕಾದಿದೆ.

ಕ್ಯಾಸೆಟ್ಟುಗಳು ಬಂದ ಮೇಲೆ ನೀಲಗಾರರ ದನಿ ಬಸ್ಸುಗಳಲ್ಲಿಯೂ ಟೀ ಅಂಗಡಿಗಳಲ್ಲಿಯೂ ಕೇಳತೊಡಗಿ, ಈಗ ಮೊಬೈಲಿಗೆ ಇಳಿದಿದೆ. ಹಾಡಿದವನು ಮಣ್ಣಾದ ಮೇಲೂ ಅವನ ತಂಬೂರಿಯ ಶ್ರುತಿ ಸಹಿತ ಕೇಳಿಸುವ ಈ ಏರ್ಪಾಡು ಡಿಕ್ಕನ ಶೀತಲಪೆಟ್ಟಿಗೆಗೆ ಬಹಳ ಹತ್ತಿರದ್ದು. ಒಂದು ವ್ಯತ್ಯಾಸವುಂಟು. ಮೊಬೈಲಿನೊಳಗಣ ಹಾಡುಗಾರನು ನಮಗೆ ಹೇಳಬಲ್ಲನೇ ಹೊರತು ನಮ್ಮನ್ನು ಕೇಳಲಾರನು. ಸತ್ತವರು ಯಾರು, ವಯಸ್ಸೆಷ್ಟು, ತಾಯಿ ಇದ್ದಾಳೆಯೆ ಎಂದು ವಿಚಾರಿಸಿಕೊಂಡು ಸಾಲನ್ನು ಆರಿಸುವುದು ಅವನಿಂದಾಗದು. ಆದುದರಿಂದಲೇ ಇರಬೇಕು, ಹಾಡು ಜೇಬಿನಲ್ಲಿಯೇ ಇದ್ದರೂ ತಿಥಿಯ ದಿನ ಗೊತ್ತಾದೊಡನೆ ಈ ಕಡೆಯ ಮನೆಗಳವರು ಈಗಲೂ ನೀಲಗಾರರ ಮನೆಗೆ ಆಳು ಕಳಿಸುತ್ತಾರೆ.